ಶ್ರದ್ಧೆ ಮತ್ತು ಶಾಸ್ತ್ರದ ನಡುವೆ ಫರ್ಡಿನಾಂಡ್ ಕಿಟ್ಟೆಲ್

ಕನ್ನಡ ವಿದ್ಯಾರ್ಥಿಗೆ ಕಿಟ್ಟೆಲ್ ಎಂಬ ಹೆಸರು ಮೊದಲು ಪರಿಚಯವಾಗುವುದು ಒಂದು ಪುಸ್ತಕದ ಹೆಸರಾಗಿ. ಹಳಗನ್ನಡ ಪದ್ಯದಲ್ಲಿ ಶಬ್ದವೊಂದು ಕಾಡಿದಾಗ ಕಿಟ್ಟೆಲ್ ನೋಡಬೇಕೆಂದು ಗುರುಗಳು ಸೂಚಿಸುತ್ತಾರೆ. ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋಗಿ ಆ ಭಾರವಾದ ಸಂಪುಟವನ್ನು ಎರಡೂ ಕೈಗಳಿಂದ ಇಳಿಸಿಕೊಂಡು, ಬೇಕಾದ ಅರ್ಥವನ್ನು ಬರೆದುಕೊಂಡು ಮರಳುತ್ತಾನೆ. ಆ ಹೆಸರಿನ ಮನುಷ್ಯ ಯಾರು, ಅವರು ಕನ್ನಡ ನಾಡಿಗೆ ಯಾವ ಉದ್ದೇಶದಿಂದ ಬಂದರು, ಬಂದ ಉದ್ದೇಶಕ್ಕೂ ಮಾಡಿದ ಕೆಲಸಕ್ಕೂ ನಡುವೆ ಎಂಥ ಬಿಕ್ಕಟ್ಟು ಇತ್ತು ಎಂಬುದನ್ನು ಕೇಳುವವರು ಕಡಿಮೆ. ಫರ್ಡಿನಾಂಡ್ ಕಿಟ್ಟೆಲ್ ಕ್ರಿಸ್ತನ ಸುವಾರ್ತೆಯನ್ನು ಸಾರಲು ಬಂದ ಪಾದ್ರಿ. ಅವರು ಬಿಟ್ಟುಹೋದದ್ದು ಸುಮಾರು 70,000 ಶಬ್ದಗಳ, 1700ಕ್ಕೂ ಹೆಚ್ಚು ಪುಟಗಳ ಕನ್ನಡ–ಇಂಗ್ಲಿಷ್ ನಿಘಂಟು. ಶ್ರದ್ಧೆಯ ಕರೆಗೆ ಓಗೊಟ್ಟು ಮನೆ ಬಿಟ್ಟ ವ್ಯಕ್ತಿಯನ್ನು ಶಾಸ್ತ್ರ ತನ್ನ ಕಡೆಗೆ ಎಳೆದುಕೊಂಡ ಕಥೆ ಅವರ ಜೀವನದಲ್ಲಿದೆ.

ಕ್ರೈಸ್ತ ಧರ್ಮಕ್ಕೂ ವಿಜ್ಞಾನಕ್ಕೂ ನಡೆದ ತಿಕ್ಕಾಟವೆಂದರೆ ಸಾಮಾನ್ಯವಾಗಿ ಎರಡು ಪ್ರಸಂಗಗಳು ನೆನಪಾಗುತ್ತವೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದುದಕ್ಕಾಗಿ 1633ರಲ್ಲಿ ರೋಮಿನ ಧರ್ಮಪೀಠದ ಮುಂದೆ ಗೆಲಿಲಿಯೊ ತನ್ನ ಮತವನ್ನು ತೊರೆಯಬೇಕಾಯಿತು. 1859ರಲ್ಲಿ ಡಾರ್ವಿನ್ನನ ಗ್ರಂಥ ಪ್ರಕಟವಾದಾಗ ಸೃಷ್ಟಿಕಥೆಯನ್ನು ಅಕ್ಷರಶಃ ನಂಬಿದವರು ತಲ್ಲಣಿಸಿದರು. ಆದರೆ ಇದೇ ತಿಕ್ಕಾಟ ಭಾಷೆಯ ಕ್ಷೇತ್ರದಲ್ಲಿಯೂ ನಡೆದಿತ್ತು. ಬೈಬಲ್ಲಿನ ಮೊದಲ ಪುಸ್ತಕದಲ್ಲಿ ಬಾಬೆಲಿನ ಗೋಪುರದ ಕಥೆ ಬರುತ್ತದೆ. ಮೊದಲು ಎಲ್ಲ ಮನುಷ್ಯರಿಗೂ ಒಂದೇ ನುಡಿ ಇತ್ತು. ಆಕಾಶವನ್ನು ಮುಟ್ಟುವ ಗೋಪುರ ಕಟ್ಟಹೊರಟವರ ಗರ್ವವನ್ನು ಕಂಡು ದೇವರು ಅವರ ನುಡಿಯನ್ನು ಕಲಸಿ, ಅವರನ್ನು ದಿಕ್ಕುದಿಕ್ಕಿಗೆ ಚದುರಿಸಿದ. ಆ ಮೊದಲ ನುಡಿ ಹೀಬ್ರೂ ಎಂದು ಯುರೋಪಿನ ಪಂಡಿತರಲ್ಲಿ ಅನೇಕರು ಶತಮಾನಗಳ ಕಾಲ ನಂಬಿದ್ದರು.

ಈ ನಂಬಿಕೆಗೆ ಪೆಟ್ಟು ಬಿದ್ದುದರಲ್ಲಿ ಭಾರತದ ಪಾಲು ದೊಡ್ಡದು. 1786ರಲ್ಲಿ ಕಲಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟವು ಎಂಬ ವಿಚಾರವನ್ನು ಮಂಡಿಸಿದರು. 1816ರಲ್ಲಿ ಮದರಾಸಿನ ಎಫ್. ಡಬ್ಲ್ಯು. ಎಲ್ಲಿಸ್ ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದ ಮಕ್ಕಳಲ್ಲ, ಅವುಗಳದೇ ಬೇರೆ ಮನೆತನ ಎಂದು ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ ಆ ಮನೆತನವನ್ನು ಶಾಸ್ತ್ರಸಮ್ಮತವಾಗಿ ಸ್ಥಾಪಿಸಿದರು. ಕಾಲ್ಡ್‌ವೆಲ್ ಸ್ವತಃ ಕ್ರೈಸ್ತ ಮಿಷನರಿಯಾಗಿದ್ದರು ಎಂಬುದು ಗಮನಾರ್ಹ. ಭಾಷೆಗಳು ದೈವಶಾಪದಿಂದ ಒಂದೇ ದಿನ ಒಡೆದು ಹುಟ್ಟಿದವಲ್ಲ, ನಿಯಮಬದ್ಧವಾಗಿ ದೀರ್ಘಕಾಲದಲ್ಲಿ ಬದಲಾಗುತ್ತ ಬಂದವು ಎಂಬ ವಿಜ್ಞಾನ ಹೀಗೆ ಧರ್ಮಪ್ರಚಾರಕರ ಕೈಯಲ್ಲಿಯೂ ಬೆಳೆಯಿತು.

ಕಿಟ್ಟೆಲರ ತಾಯ್ನಾಡಾದ ಜರ್ಮನಿಯಲ್ಲಿ ಈ ಬಿಕ್ಕಟ್ಟು ಇನ್ನೂ ಹತ್ತಿರದ್ದಾಗಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಬೈಬಲ್ಲನ್ನು ಉಳಿದೆಲ್ಲ ಪ್ರಾಚೀನ ಗ್ರಂಥಗಳಂತೆ ಇತಿಹಾಸದ ಒರೆಗಲ್ಲಿಗೆ ಹಚ್ಚುವ ಪಂಥ ಬೆಳೆದಿತ್ತು. ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್ 1835ರಲ್ಲಿ ಯೇಸುವಿನ ಜೀವನದ ಮೇಲೆ ಬರೆದ ಗ್ರಂಥದಲ್ಲಿ ಸುವಾರ್ತೆಗಳ ಪವಾಡಗಳನ್ನು ಪುರಾಣಕಲ್ಪನೆಗಳೆಂದು ವಿವರಿಸಿದನು. ಆ ಒಂದು ಪುಸ್ತಕ ಅವನ ಅಧ್ಯಾಪಕ ವೃತ್ತಿಯನ್ನೇ ಕಸಿದುಕೊಂಡಿತು. ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಇದೇ ಸ್ಟ್ರೌಸನ ಶಿಷ್ಯ. ಆ ವಿಚಾರಗಳ ಸೆಳೆತಕ್ಕೆ ಒಳಗಾಗಿ, ಬಳಿಕ ಅದರಿಂದ ಬಿಡಿಸಿಕೊಂಡು ಭಕ್ತಿಮಾರ್ಗಕ್ಕೆ ಮರಳಿದವರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಟ್ಯೂಬಿಂಗನ್ನಿನಲ್ಲಿಯೇ ಓದಿದವರು. ಹೀಗೆ ಕನ್ನಡ–ಮಲಯಾಳ ಸೀಮೆಗೆ ಬಂದ ಈ ಮಿಷನರಿಗಳ ಬೆನ್ನಿಗೆ ಒಂದು ದೊಡ್ಡ ಬೌದ್ಧಿಕ ಕಲಹವಿತ್ತು. ಯಾವ ಗ್ರಂಥವನ್ನು ಪ್ರಶ್ನಿಸದೆ ನಂಬಬೇಕು, ಯಾವುದನ್ನು ಪರೀಕ್ಷಿಸಿ ಒಪ್ಪಬೇಕು ಎಂಬ ಪ್ರಶ್ನೆ ಅವರಿಗೆ ಹೊಸದಾಗಿರಲಿಲ್ಲ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಉತ್ತರ ಜರ್ಮನಿಯ ಕಡಲಂಚಿನ ಪೂರ್ವ ಫ್ರೀಸಿಯ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಮನೆಯಲ್ಲಿ ಪ್ರಾರ್ಥನೆ, ಶಾಲೆಯಲ್ಲಿ ಪ್ರಾಚೀನ ಭಾಷೆಗಳು, ಇವೆರಡರ ನಡುವೆ ಬಾಲ್ಯ ಕಳೆಯಿತು. ಹದಿನೆಂಟರ ಪ್ರಾಯದಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿದರು. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1834ರಲ್ಲಿ ತನ್ನ ಮೊದಲ ಮೂವರು ಮಿಷನರಿಗಳನ್ನು ಮಂಗಳೂರಿಗೆ ಕಳುಹಿಸಿತ್ತು. ಅಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತ, ಕುಶಲಕರ್ಮಿ ಮನೆತನದವರು. ಭಕ್ತಿ, ವಿಧೇಯತೆ, ಮೈಮುರಿದು ದುಡಿಯುವ ಶಕ್ತಿ ಇವು ಅಲ್ಲಿಯ ಮುಖ್ಯ ಗುಣಗಳು. ಉತ್ತರದವನಾದ, ಪುಸ್ತಕಗಳಲ್ಲಿ ಮುಳುಗುವ ಕಿಟ್ಟೆಲ್ ಮೊದಲ ದಿನದಿಂದಲೇ ಆ ಗುಂಪಿನಲ್ಲಿ ಸ್ವಲ್ಪ ಹೊರಗಿನವರಾಗಿ ಉಳಿದರು.

ಆ ಕಾಲದಲ್ಲಿ ಬಾಸೆಲ್ ಮಿಷನ್ನಿನ ಮುಖ್ಯಸ್ಥರಾಗಿದ್ದವರು ಯೋಸೆಫ್ ಯೋಸೆನ್‌ಹಾನ್ಸ್. ಅವರು 1851–52ರಲ್ಲಿ ಸ್ವತಃ ಭಾರತಕ್ಕೆ ಬಂದು ಎಲ್ಲ ಠಾಣೆಗಳನ್ನು ನೋಡಿ, ಮಿಷನ್ನಿನ ಆಡಳಿತವನ್ನು ಬಿಗಿಗೊಳಿಸಿದ್ದರು. ಮಿಷನರಿ ಎಲ್ಲಿ ಇರಬೇಕು, ಯಾವ ಕೆಲಸ ಮಾಡಬೇಕು, ಯಾವಾಗ ಮದುವೆಯಾಗಬೇಕು ಎಂಬುದನ್ನೆಲ್ಲ ಬಾಸೆಲಿನ ಸಮಿತಿ ತೀರ್ಮಾನಿಸುತ್ತಿತ್ತು. ಸಮಿತಿಗೆ ವರದಿಗಳು ಹೋಗುತ್ತಿದ್ದವು. ಎಷ್ಟು ಹಳ್ಳಿಗಳಲ್ಲಿ ಪ್ರವಚನವಾಯಿತು, ಎಷ್ಟು ಜನ ದೀಕ್ಷಾಸ್ನಾನ ಪಡೆದರು, ಎಷ್ಟು ಶಾಲೆಗಳು ನಡೆಯುತ್ತಿವೆ ಎಂಬುದು ಕೆಲಸದ ಅಳತೆ. ಓಲೆಗರಿಯ ಒಂದು ಪದ್ಯವನ್ನು ಸರಿಯಾಗಿ ಓದಲು ಹಿಡಿದ ವಾರಗಳಿಗೆ ಆ ವರದಿಯಲ್ಲಿ ಜಾಗವಿರಲಿಲ್ಲ.

1853ರಲ್ಲಿ ಇಪ್ಪತ್ತೊಂದರ ತರುಣ ಕಿಟ್ಟೆಲ್ ಭಾರತಕ್ಕೆ ಬಂದು ಧಾರವಾಡದಲ್ಲಿ ಕನ್ನಡ ಕಲಿಯತೊಡಗಿದರು. ಧಾರವಾಡ ಆಗ ಮುಂಬಯಿ ಪ್ರಾಂತದ ಭಾಗ. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿ ಮೆರೆಯುತ್ತಿದ್ದ ದಿನಗಳವು. ಕನ್ನಡ ಮನೆ, ಹೊಲ, ಮಠ, ಸಂತೆಗಳಲ್ಲಿ ಉಸಿರಾಡುತ್ತಿತ್ತು. ಆ ಭಾಷೆಯನ್ನು ಅದು ಬದುಕಿದ್ದ ಜಾಗದಲ್ಲಿಯೇ ಹಿಡಿಯಬೇಕೆಂಬುದು ಕಿಟ್ಟೆಲರ ಹಟ. ಅವರು ಜನರ ನಡುವೆ ಓಡಾಡಿದರು, ಆಡುಮಾತನ್ನು, ಗಾದೆಗಳನ್ನು, ಆಚಾರಗಳನ್ನು ಬರೆದುಕೊಂಡರು, ದೇಶೀಯ ಸಂಗೀತವನ್ನೂ ಕಲಿಯಲೆತ್ನಿಸಿದರು. ಕಿಟ್ಟೆಲರ ದೃಷ್ಟಿಯಲ್ಲಿ ಇದು ಶ್ರದ್ಧೆಗೆ ವಿರುದ್ಧವಾದ ನಡೆಯಲ್ಲ. ಅಪೊಸ್ತಲ ಪೌಲನು ಯೆಹೂದ್ಯರಿಗೆ ಯೆಹೂದ್ಯನಂತೆ ಆಗಿ ಬೋಧಿಸಿದನೆಂದು ಬೈಬಲ್ಲೇ ಹೇಳುತ್ತದೆ. ಹಾಗಿದ್ದಮೇಲೆ ಭಾರತೀಯರಿಗೆ ಬೋಧಿಸುವವನು ಭಾರತೀಯನಾಗಬೇಡವೇ ಎಂಬುದು ಅವರ ತರ್ಕ.

ಮಿಷನ್ನಿನ ಹಿರಿಯರಿಗೆ ಈ ತರ್ಕ ರುಚಿಸಲಿಲ್ಲ. ತರುಣ ಮಿಷನರಿ ಸಹೋದ್ಯೋಗಿಗಳಿಂದ ದೂರವಾಗುತ್ತಿದ್ದಾನೆ, ಪ್ರವಚನದ ಸಮಯವನ್ನು ಭಾಷಾಭ್ಯಾಸಕ್ಕೆ ಸುರಿಯುತ್ತಿದ್ದಾನೆ ಎಂಬ ಅಸಮಾಧಾನ ಬೆಳೆಯಿತು. ಆಕ್ಷೇಪಣೆಯಲ್ಲಿ ಒಂದು ಗಂಭೀರವಾದ ವಿಚಾರವೂ ಅಡಗಿತ್ತು ಎಂಬುದನ್ನು ಒಪ್ಪಬೇಕು. ದೂರದ ಜರ್ಮನಿಯ, ಸ್ವಿಟ್ಜರ್ಲೆಂಡಿನ ಬಡ ಭಕ್ತರು ಕೂಡಿಟ್ಟ ಕಾಸಿನಿಂದ ಮಿಷನ್ ನಡೆಯುತ್ತಿತ್ತು. ಅವರು ಹಣ ಕೊಟ್ಟದ್ದು ಆತ್ಮಗಳ ಉದ್ಧಾರಕ್ಕೆ, ಛಂದಸ್ಸಿನ ಗಣಗಳನ್ನು ಲೆಕ್ಕ ಹಾಕುವುದಕ್ಕಲ್ಲ. ಶಾಸ್ತ್ರದ ಕುತೂಹಲ ಶ್ರದ್ಧೆಯನ್ನು ಮೆಲ್ಲಗೆ ತಿಂದುಹಾಕಬಲ್ಲದು ಎಂಬ ಭಯವೂ ಅಲ್ಲಿತ್ತು. ಸ್ಟ್ರೌಸನ ಉದಾಹರಣೆ ಕಣ್ಣ ಮುಂದೆಯೇ ಇತ್ತು. ಕಿಟ್ಟೆಲರನ್ನು ನೀಲಗಿರಿ ಬೆಟ್ಟದ ದೂರದ ಠಾಣೆಯೊಂದಕ್ಕೆ ಕಳುಹಿಸಲಾಯಿತು. ಕನ್ನಡದ ಕೇಂದ್ರದಿಂದ ದೂರವಾದರೂ ಅದು ಕನ್ನಡದಿಂದ ಪೂರ್ತಿ ದೂರವಾಗಿರಲಿಲ್ಲ. ಆ ಬೆಟ್ಟದ ಬಡಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು.

ಮುಂದೆ ಅವರನ್ನು ಮಂಗಳೂರಿನ ಮಿಷನ್ ಮುದ್ರಣಾಲಯದ ಕೆಲಸಕ್ಕೆ ಹಚ್ಚಿದರು. ಪ್ರಚಾರಕ್ಕೆ ಒಗ್ಗದವನನ್ನು ಪುಸ್ತಕಗಳ ನಡುವೆ ಕೂಡಿಸಿದಂತಾಯಿತು. ಆದರೆ ಕಿಟ್ಟೆಲರಿಗೆ ಬೇಕಾದ ಜಾಗ ಅದೇ ಆಗಿತ್ತು. ಮೋಗ್ಲಿಂಗ್ ಆ ಮೊದಲೇ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿ ದಾರಿ ತೋರಿಸಿದ್ದರು. ಕಿಟ್ಟೆಲ್ ಮೊದಲು ಕೈಗೆತ್ತಿಕೊಂಡದ್ದು ಶ್ರದ್ಧೆಯನ್ನೂ ಶಾಸ್ತ್ರವನ್ನೂ ಕೂಡಿಸುವ ಕೆಲಸ. 1862ರಲ್ಲಿ ಪ್ರಕಟವಾದ ಅವರ ಕಥಾಮಾಲೆ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುತ್ತದೆ. ಪರದೇಶದ ದೇವಚರಿತ್ರೆಗೆ ಕನ್ನಡದ ನಡೆ ಬೇಕು ಎಂಬ ಅರಿವು ಅದರ ಹಿಂದೆ ಇದೆ. ಈ ವರ್ಷಗಳಲ್ಲಿಯೇ ಮನೆಯಲ್ಲಿ ದುಃಖವೂ ಬಂತು. ಹೆಂಡತಿ ಪೌಲೀನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಬಳಿಕ ಅವರು ಪೌಲೀನಳ ಸಹೋದರಿ ಯೂಲಿಯಳನ್ನು ವಿವಾಹವಾದರು.

1872 ಕಿಟ್ಟೆಲರ ಬದುಕನ್ನು ಅರಿಯಲು ಬಹಳ ಮುಖ್ಯವಾದ ವರ್ಷ. ಆ ಒಂದೇ ವರ್ಷ ಮಂಗಳೂರಿನ ಒಂದೇ ಮುದ್ರಣಾಲಯದಿಂದ ಅವರ ಎರಡು ಪುಸ್ತಕಗಳು ಹೊರಬಂದವು. ಒಂದು ಯಜ್ಞಸುಧಾನಿಧಿ. ವೇದಗಳ ಯಜ್ಞವಿಚಾರವನ್ನು ಎತ್ತಿಕೊಂಡು, ಅದನ್ನು ಕ್ರಿಸ್ತನ ಬಲಿದಾನದ ಕಡೆಗೆ ತಿರುಗಿಸುವ ಪ್ರಚಾರ ಪುಸ್ತಕ ಅದು. ಇನ್ನೊಂದು ಕೇಶಿರಾಜನ ಶಬ್ದಮಣಿದರ್ಪಣದ ಪರಿಷ್ಕರಣ. ಹದಿಮೂರನೆಯ ಶತಮಾನದ ಜೈನ ವೈಯಾಕರಣನ ಸೂತ್ರಗಳನ್ನು ಹಸ್ತಪ್ರತಿಗಳ ಆಧಾರದಿಂದ ಶುದ್ಧಪಡಿಸಿ ಕೊಟ್ಟ ಗ್ರಂಥ. ಮೊದಲನೆಯದರಲ್ಲಿ ಉತ್ತರ ಮೊದಲೇ ಗೊತ್ತಿದೆ. ಪ್ರಮಾಣಗಳನ್ನು ಅದಕ್ಕೆ ತಕ್ಕಂತೆ ಜೋಡಿಸಲಾಗಿದೆ. ಎರಡನೆಯದರಲ್ಲಿ ಉತ್ತರ ಗೊತ್ತಿಲ್ಲ. ಪಾಠಾಂತರಗಳು ಹೇಳಿದಂತೆ ಕೇಳಬೇಕು. ಒಂದೇ ಮೇಜಿನ ಮೇಲೆ ಬರೆದ ಈ ಎರಡು ಪುಸ್ತಕಗಳನ್ನು ಪಕ್ಕದಲ್ಲಿಟ್ಟರೆ ಶ್ರದ್ಧೆ ಮತ್ತು ಶಾಸ್ತ್ರ ಒಬ್ಬ ಮನುಷ್ಯನೊಳಗೆ ಹೇಗೆ ಬೇರೆ ಬೇರೆ ರೀತಿಯಲ್ಲಿ ಓದುತ್ತವೆ ಎಂಬುದು ಸ್ಪಷ್ಟವಾಗುತ್ತದೆ. ಇಂದು ಯಜ್ಞಸುಧಾನಿಧಿಯನ್ನು ಓದುವವರು ವಿರಳ. ಶಬ್ದಮಣಿದರ್ಪಣದ ಅಧ್ಯಯನ ಮಾಡುವವರು ಕಿಟ್ಟೆಲರ ಪರಿಷ್ಕರಣವನ್ನು ಬಿಟ್ಟು ಮುಂದೆ ಹೋಗಲಾರರು.

ಅದೇ ಕಾಲದಲ್ಲಿ ಅವರು ಇಂಡಿಯನ್ ಆಂಟಿಕ್ವರಿ ಎಂಬ ಸಂಶೋಧನ ಪತ್ರಿಕೆಗೆ ಬರೆಯತೊಡಗಿದರು. ಸಂಸ್ಕೃತ ಕೋಶಗಳಲ್ಲಿ ಸೇರಿಕೊಂಡಿರುವ ದ್ರಾವಿಡ ಶಬ್ದಗಳ ಮೇಲಿನ ಲೇಖನ ಬಂದದ್ದು 1872ರಲ್ಲಿ. ಮಡಿಕೇರಿಯಲ್ಲಿದ್ದಾಗ ಕೊಡವರ ಆಚರಣೆಗಳ ಬಗ್ಗೆ ಬರೆದ ಲೇಖನಕ್ಕೆ ಕೊಡಗಿನ ಮೂಢನಂಬಿಕೆಗಳು ಎಂಬ ಅರ್ಥದ ತಲೆಬರಹವಿದೆ. ತಲೆಬರಹ ಕೊಟ್ಟವನು ಪಾದ್ರಿ. ಅದರ ಕೆಳಗೆ ಭೂತ, ಬಲಿ, ಹಿರಿಯರ ಪೂಜೆಗಳ ವಿವರವನ್ನು ದಾಖಲಿಸಿದವನು ಶಾಸ್ತ್ರಜ್ಞ. ಪರಧರ್ಮದ ಬಗೆಗೆ ಅವರ ತೀರ್ಪು ಆ ಕಾಲದ ಮಿಷನರಿಯದೇ ಆಗಿತ್ತು ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ತೀರ್ಪು ಕೊಡುವ ಮುನ್ನ ನೋಡುವ, ಕೇಳುವ, ಬರೆದುಕೊಳ್ಳುವ ಶಿಸ್ತು ಅವರಲ್ಲಿ ದಿನದಿಂದ ದಿನಕ್ಕೆ ಬಲವಾಗುತ್ತಿತ್ತು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ, ಅದರೊಂದಿಗೆ ಕನ್ನಡ ಸಾಹಿತ್ಯದ ಮೇಲೆ ಒಂದು ದೀರ್ಘ ಪ್ರಬಂಧವನ್ನೂ ಪ್ರಕಟಿಸಿದರು. ಕನ್ನಡ ಸಾಹಿತ್ಯಚರಿತ್ರೆಯ ಮೊದಮೊದಲ ರೂಪರೇಷೆಗಳಲ್ಲಿ ಅದೂ ಒಂದು.

ಶ್ರದ್ಧೆಗೂ ಶಾಸ್ತ್ರಕ್ಕೂ ಇರುವ ಎಳೆತ ಮಿಷನರಿ ಕೋಶಕಾರನಿಗೆ ಒಂದೊಂದು ಶಬ್ದದಲ್ಲಿಯೂ ಎದುರಾಗುತ್ತದೆ. ಬೈಬಲ್ಲನ್ನು ಕನ್ನಡಕ್ಕೆ ತರುವವನು ದೇವರು, ಆತ್ಮ, ಪಾಪ, ಯಜ್ಞ, ಕೃಪೆ ಎಂಬ ಶಬ್ದಗಳನ್ನು ಆರಿಸಿಕೊಳ್ಳುತ್ತಾನೆ. ಆರಿಸಿಕೊಂಡ ಮೇಲೆ ಅವುಗಳ ಅರ್ಥವನ್ನು ಕಿರಿದು ಮಾಡುತ್ತಾನೆ. ದೇವರು ಎಂದರೆ ಇನ್ನು ಒಬ್ಬನೇ. ಪಾಪ ಎಂದರೆ ಆ ಒಬ್ಬನ ಆಜ್ಞೆಯ ಉಲ್ಲಂಘನೆ. ಅನುವಾದಕನಿಗೆ ಈ ಕಿರಿದುಗೊಳಿಸುವಿಕೆ ಅನಿವಾರ್ಯ. ಕೋಶಕಾರನ ಧರ್ಮ ಇದಕ್ಕೆ ತದ್ವಿರುದ್ಧ. ದೇವರು ಎಂಬ ಶಬ್ದವನ್ನು ಜೈನ, ವೀರಶೈವ, ವೈಷ್ಣವ ಕವಿಗಳು ಹೇಗೆ ಬಳಸಿದರು, ಹಳ್ಳಿಯವರು ಮನೆದೇವರು, ಊರದೇವರು ಎನ್ನುವಾಗ ಏನನ್ನು ಸೂಚಿಸುತ್ತಾರೆ ಎಂಬುದನ್ನೆಲ್ಲ ಅವನು ದಾಖಲಿಸಬೇಕು. ಪಾಪ ಎಂಬ ಶಬ್ದವನ್ನೇ ನೋಡಬಹುದು. ಪ್ರವಚನಪೀಠದಲ್ಲಿ ಅದು ಅಪರಾಧದ ಹೆಸರು. ಬೀದಿಯಲ್ಲಿ ಬಿದ್ದ ಮಗುವನ್ನು ಕಂಡ ತಾಯಿಯ ಬಾಯಲ್ಲಿ ಅದು ಕರುಣೆಯ ಉದ್ಗಾರ. ಪಾದ್ರಿಗೆ ಮೊದಲನೆಯ ಅರ್ಥ ಸಾಕು. ಕೋಶಕಾರನಿಗೆ ಎರಡೂ ಬೇಕು. ಯಾವ ಅರ್ಥ ಸತ್ಯ ಎಂಬುದನ್ನು ಅವನು ನಿರ್ಣಯಿಸುವುದಿಲ್ಲ, ಯಾವ ಅರ್ಥ ಬಳಕೆಯಲ್ಲಿದೆ ಎಂಬುದನ್ನು ಮಾತ್ರ ಹೇಳುತ್ತಾನೆ. ಸಾರುವುದಕ್ಕಾಗಿ ಬಂದವನು ಕೇಳುವವನಾಗಿ ಮಾರ್ಪಡುವ ಬಗೆ ಇದು.

ನಿಘಂಟಿನ ಕೆಲಸ 1870ರ ದಶಕದಲ್ಲಿ ಕಿಟ್ಟೆಲರ ಹೆಗಲೇರಿತು. ಅದಕ್ಕೆ ಮೊದಲು ಬಳಕೆಯಲ್ಲಿದ್ದದ್ದು ಬಳ್ಳಾರಿಯ ಮಿಷನರಿ ವಿಲಿಯಂ ರೀವ್ 1832ರಲ್ಲಿ ಪ್ರಕಟಿಸಿದ ಕೋಶ. ಹಳಗನ್ನಡ ಕಾವ್ಯವನ್ನು ಓದುವವರಿಗೆ ಅದು ಸಾಲುತ್ತಿರಲಿಲ್ಲ. ಕಿಟ್ಟೆಲ್ ಹೊಸ ಕ್ರಮವನ್ನು ಹಿಡಿದರು. ಶಬ್ದದ ಹಳೆಯ ರೂಪ, ಹೊಸ ರೂಪ, ಸಂಸ್ಕೃತದಿಂದ ಬಂದುದಾದರೆ ಅದರ ಮೂಲ, ದ್ರಾವಿಡವಾದರೆ ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ಅದರ ಬಂಧುಗಳು, ಅರ್ಥಗಳು, ಕಾವ್ಯಗಳ ಮತ್ತು ಗಾದೆಗಳ ಆಧಾರ, ಇವೆಲ್ಲವನ್ನೂ ಒಂದೆಡೆ ತಂದರು. ಮರೆಯಾಗಿಹೋದ ಱ ಮತ್ತು ೞ ಅಕ್ಷರಗಳನ್ನು ಅವು ಇರಬೇಕಾದ ಕಡೆ ಉಳಿಸಿಕೊಂಡರು.

ಈ ಕ್ರಮದ ಬೆಲೆ ಗಡಿನಾಡಿನ ವಿದ್ಯಾರ್ಥಿಗೆ ಬೇಗ ತಿಳಿಯುತ್ತದೆ. ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಸಂತೆಯಲ್ಲಿ ಕನ್ನಡಿಗ ಏಳು ಎಂದರೆ ತೆಲುಗನು ಏಡು ಎನ್ನುತ್ತಾನೆ; ಕನ್ನಡದ ಕೋಳಿ ತೆಲುಗಿನಲ್ಲಿ ಕೋಡಿ. ಕೇಳುವವರಿಗೆ ಇದು ಆಕಸ್ಮಿಕ ಹೋಲಿಕೆ ಎನಿಸಬಹುದು. ಹಳಗನ್ನಡದ ಏೞ್, ಕೋೞಿ ಎಂಬ ರೂಪಗಳನ್ನು ನೋಡಿದಾಗ ಗುಟ್ಟು ಬಯಲಾಗುತ್ತದೆ. ಆ ಹಳೆಯ ೞ ಕಾರ ಕನ್ನಡದಲ್ಲಿ ಳ ಕಾರವಾಯಿತು, ತೆಲುಗಿನಲ್ಲಿ ಡ ಕಾರವಾಯಿತು. ಹಾಗೆಯೇ ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲಾಯಿತು. ತೆಲುಗಿನಲ್ಲಿ ಪಾಲು ಪಾಲಾಗಿಯೇ ಉಳಿಯಿತು. ಇದು ನಿಯಮ. ಒಂದು ಶಬ್ದದಲ್ಲಿ ಕಂಡದ್ದು ಹತ್ತು ಶಬ್ದಗಳಲ್ಲಿ ಮತ್ತೆ ಕಾಣುತ್ತದೆ. ಭಾಷೆಯ ಅಧ್ಯಯನ ವಿಜ್ಞಾನವೆನಿಸಿಕೊಳ್ಳುವುದು ಈ ನಿಯಮಗಳ ಬಲದಿಂದ. ಬಾಬೆಲಿನ ಕಥೆ ನುಡಿಗಳು ಏಕೆ ಬೇರೆಯಾದವು ಎಂಬುದಕ್ಕೆ ನೈತಿಕ ಕಾರಣ ಕೊಡುತ್ತದೆ. ಹೇಗೆ ಬೇರೆಯಾದವು ಎಂಬುದನ್ನು ಇಂಥ ನಿಯಮಗಳು ತೋರಿಸುತ್ತವೆ.

ಕೋಶದಲ್ಲಿ ಮರಾಠಿ ಮತ್ತು ಹಿಂದುಸ್ತಾನಿಯಿಂದ ಬಂದ ಶಬ್ದಗಳಿಗೂ ಜಾಗ ದೊರೆಯಿತು. ಅರ್ಜಿ, ಕಚೇರಿ, ಜಮೀನುಗಳಂಥ ಶಬ್ದಗಳನ್ನು ಪರಕೀಯವೆಂದು ಹೊರಗಿಡುವ ಶುದ್ಧಿವಾದ ಕಿಟ್ಟೆಲರಲ್ಲಿಲ್ಲ. ಅವು ಎಲ್ಲಿಂದ ಬಂದವು ಎಂದು ಗುರುತಿಸಿ, ಕನ್ನಡಿಗರ ಬಾಯಲ್ಲಿರುವುದರಿಂದ ಕನ್ನಡದ ಸೊತ್ತೆಂದು ಒಪ್ಪಿಕೊಂಡರು. ದಕ್ಷಿಣ ಮರಾಠಾ ಸೀಮೆಯ, ಅಂದರೆ ಧಾರವಾಡ–ಬೆಳಗಾವಿ ಭಾಗದ ಬಳಕೆಯನ್ನು ಮೈಸೂರಿನ ಬಳಕೆಯಿಂದ ಬೇರ್ಪಡಿಸಿ ಗುರುತು ಹಾಕಿದರು. ಸಂಸ್ಕೃತದ ಕಡೆಗೂ ಅವರ ನೋಟ ಇಷ್ಟೇ ನಿಷ್ಪಕ್ಷಪಾತವಾಗಿತ್ತು. ಕನ್ನಡ ಸಂಸ್ಕೃತದಿಂದ ಪಡೆದ ಸಾಲವನ್ನು ಬರೆದಿಟ್ಟಂತೆಯೇ, ಸಂಸ್ಕೃತ ದ್ರಾವಿಡದಿಂದ ಪಡೆದಿರಬಹುದಾದ ನೂರಾರು ಶಬ್ದಗಳ ಪಟ್ಟಿಯನ್ನೂ ನಿಘಂಟಿನ ಮುನ್ನುಡಿಯಲ್ಲಿ ಕೊಟ್ಟರು. ದೇವಭಾಷೆ ಸಾಲ ಪಡೆಯಲಾರದು ಎಂದು ನಂಬಿದ್ದ ಪಂಡಿತರಿಗೆ ಅದು ಹೊಸ ಮಾತು. ಪವಿತ್ರಗ್ರಂಥದ ಭಾಷೆಯೂ ಮನುಷ್ಯರ ಭಾಷೆಯೇ, ಅದಕ್ಕೂ ಇತಿಹಾಸವಿದೆ ಎಂಬ ಅರಿವನ್ನು ಯುರೋಪು ಹೀಬ್ರೂವಿನ ವಿಷಯದಲ್ಲಿ ಕಷ್ಟಪಟ್ಟು ಕಲಿತಿತ್ತು. ಅದೇ ಅರಿವು ಇಲ್ಲಿ ಸಂಸ್ಕೃತಕ್ಕೆ ಅನ್ವಯವಾಯಿತು.

ಇಂಥ ಕೋಶಕ್ಕೆ ಆಧಾರಗಳು ಎಲ್ಲಿಂದ ಬರಬೇಕು? ಜೈನರ ಕಾವ್ಯಗಳಿಂದ, ವೀರಶೈವ ಪುರಾಣಗಳಿಂದ, ದಾಸರ ಹಾಡುಗಳಿಂದ, ಹಳ್ಳಿಯ ಗಾದೆಗಳಿಂದ. ಯಾವ ಗ್ರಂಥಗಳ ದೇವರುಗಳನ್ನು ನಿರಾಕರಿಸಲು ಅವರನ್ನು ಕಳುಹಿಸಲಾಗಿತ್ತೋ ಆ ಗ್ರಂಥಗಳನ್ನೇ ಅವರು ಸಾಲುಸಾಲಾಗಿ ಓದಬೇಕಾಯಿತು. ದೇಶೀಯ ಪಂಡಿತರ ಪಕ್ಕದಲ್ಲಿ ಕುಳಿತು ಅರ್ಥ ಕೇಳಬೇಕಾಯಿತು. ಬೋಧಿಸಲು ಬಂದ ಗುರು ಅಲ್ಲಿ ಶಿಷ್ಯ. ಆ ಪಂಡಿತರ ದುಡಿಮೆ ಇಲ್ಲದೆ ಕಿಟ್ಟೆಲ್ ಕೋಶ ಹುಟ್ಟುತ್ತಿರಲಿಲ್ಲ ಎಂಬುದನ್ನು ಇಂದಿನ ವಿದ್ಯಾರ್ಥಿ ನೆನಪಿಡಬೇಕು.

1877ರಲ್ಲಿ ಕಿಟ್ಟೆಲ್ ಜರ್ಮನಿಗೆ ಹಿಂದಿರುಗಿದರು. ಕೆಲಸ ಅಲ್ಲಿಯೂ ಮುಂದುವರಿಯಿತು. ಆದರೆ ಸಂದೇಹ ಬಂದಾಗ ಕೇಳಲು ಪಂಡಿತರಿಲ್ಲ, ನೋಡಲು ಹಸ್ತಪ್ರತಿಗಳಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ ಅವರು ಕೋಶವನ್ನು ಪೂರ್ಣಗೊಳಿಸುವುದಕ್ಕಾಗಿ ಮತ್ತೆ ಭಾರತಕ್ಕೆ ಬಂದರು. ಇಪ್ಪತ್ತೊಂದರಲ್ಲಿ ಬಂದಾಗ ಕನ್ನಡ ಅವರಿಗೆ ಸಾಧನ, ಸುವಾರ್ತೆ ಗುರಿ. ಈ ಬಾರಿ ಕನ್ನಡವೇ ಗುರಿಯಾಗಿತ್ತು. ಸುಮಾರು ಒಂಬತ್ತು ವರ್ಷ ದುಡಿದು, ಕಾರ್ಯ ಮುಗಿಯುವ ಹಂತಕ್ಕೆ ಬಂದ ಮೇಲೆ 1892ರಲ್ಲಿ ಅವರು ತಾಯ್ನಾಡಿಗೆ ಮರಳಿ ಟ್ಯೂಬಿಂಗನ್ನಿನಲ್ಲಿ ನೆಲೆಸಿದರು. 1894ರಲ್ಲಿ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನಿಂದಲೇ ಪ್ರಕಟವಾಯಿತು. ಯಾವ ಸಂಸ್ಥೆ ಅವರ ಭಾಷಾವ್ಯಾಸಂಗವನ್ನು ಸಂಶಯದಿಂದ ನೋಡಿತ್ತೋ ಅದೇ ಸಂಸ್ಥೆಯ ಮುದ್ರೆ ಅದರ ಮೇಲಿದೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟು ಅವರನ್ನು ಸನ್ಮಾನಿಸಿತು. ಸ್ಟ್ರೌಸನಿಗೆ ಬಾಗಿಲು ಮುಚ್ಚಿದ ಊರಿನಲ್ಲಿ ಕನ್ನಡದ ಪಾದ್ರಿಯೊಬ್ಬರಿಗೆ ಶಾಸ್ತ್ರಜ್ಞನೆಂಬ ಮನ್ನಣೆ ದೊರೆಯಿತು.

ಕಿಟ್ಟೆಲರ ಬದುಕನ್ನು ಎರಡು ಸುಲಭ ರೀತಿಗಳಲ್ಲಿ ಹೇಳಿಬಿಡುವ ರೂಢಿಯಿದೆ. ಧರ್ಮವನ್ನು ಮರೆತು ಕನ್ನಡಕ್ಕೆ ಒಲಿದ ಸಂತನೆಂದು ಕೆಲವರು ಕೊಂಡಾಡುತ್ತಾರೆ. ಮತಾಂತರದ ಅನುಕೂಲಕ್ಕಾಗಿ ಭಾಷೆ ಕಲಿತ ಪರದೇಶಿಯೆಂದು ಕೆಲವರು ಬದಿಗೆ ಸರಿಸುತ್ತಾರೆ. ಎರಡೂ ಅವರ ಬದುಕಿಗೆ ಒಪ್ಪುವುದಿಲ್ಲ. ಅವರು ಮಿಷನ್ನನ್ನು ತೊರೆಯಲಿಲ್ಲ, ಪಾದ್ರಿಯೆಂಬ ಹೆಸರನ್ನು ಕಳಚಲಿಲ್ಲ. ಸ್ಟ್ರೌಸನಂತೆ ಶಾಸ್ತ್ರಕ್ಕಾಗಿ ಶ್ರದ್ಧೆಯನ್ನು ಬಿಡಲಿಲ್ಲ. ಸಹೋದ್ಯೋಗಿಗಳು ಬಯಸಿದಂತ��� ಶ್ರದ್ಧೆಗಾಗಿ ಶಾಸ್ತ್ರವನ್ನೂ ಬಿಡಲಿಲ್ಲ. ಎರಡರ ನಡುವಿನ ಬಿಕ್ಕಟ್ಟು ಅವರಲ್ಲಿ ಕೊನೆಯವರೆಗೂ ಬಗೆಹರಿದಂತೆ ಕಾಣುವುದಿಲ್ಲ. ಆದರೆ ಒಂದು ಮಿತಿಯನ್ನು ಅವರು ಪಾಲಿಸಿದರು. ನಿಘಂಟಿನ ಪುಟದಲ್ಲಿ ಶಬ್ದದ ಅರ್ಥವನ್ನು ಆಧಾರ ಹೇಳಬೇಕು, ನಂಬಿಕೆ ಹೇಳಬಾರದು ಎಂಬ ಮಿತಿ. ಶ್ರದ್ಧೆ ಅವರಿಗೆ ಕೊಟ್ಟದ್ದು ನಲವತ್ತು ವರ್ಷ ಬೇಸರಿಸದೆ ದುಡಿಯುವ ತಾಳ್ಮೆ. ಶಾಸ್ತ್ರ ಕೊಟ್ಟದ್ದು ಆ ದುಡಿಮೆಯ ಪ್ರಾಮಾಣಿಕತೆ. ಮತಾಂತರದ ಲೆಕ್ಕದಲ್ಲಿ ಅವರು ಯಶಸ್ವಿಗಳಲ್ಲ. ಆ ಸೋಲಿನ ಜತೆಗೆ ನೀಲಗಿರಿಯ ಏಕಾಂತ, ಹಿರಿಯರ ಅವಕೃಪೆಗಳನ್ನೂ ಅವರು ಹೊರಬೇಕಾಯಿತು.

ನಿಘಂಟು ಮುಗಿದ ಮೇಲೂ ಅವರು ವಿಶ್ರಮಿಸಲಿಲ್ಲ. ಕನ್ನಡದ ಪ್ರಾಚೀನ, ಮಧ್ಯಕಾಲೀನ, ಆಧುನಿಕ ರೂಪಗಳು ಮೂರನ್ನೂ ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರ್ 18ರಂದು ಟ್ಯೂಬಿಂಗನ್ನಿನಲ್ಲಿ ಅವರು ಕಣ್ಮುಚ್ಚಿದರು. ಆಗ ಅವರಿಗೆ ಎಪ್ಪತ್ತೊಂದು ವರ್ಷ.

ಅವರ ಕೋಶವನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯದಿಂದ 1968–71ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡಿತು. ಕಿಟ್ಟೆಲರಿಗೆ ಸಿಗದಿದ್ದ ಶಾಸನಗಳು, ಕಾವ್ಯಗಳು ಅನಂತರದವರಿಗೆ ದೊರೆತವು. ಅವರ ಎಷ್ಟೋ ನಿರ್ಣಯಗಳು ತಿದ್ದುಪಡಿಯಾದವು. ಆಧಾರ ಸಿಕ್ಕಾಗ ಹಿಂದಿನವರ ಮಾತನ್ನು ತಿದ್ದುವುದು ಶಾಸ್ತ್ರದ ಪದ್ಧತಿ. ಕಿಟ್ಟೆಲ್ ರೀವ್‌ಗೆ ಮಾಡಿದ್ದೂ ಅದನ್ನೇ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಮುಂದಿನ ಸಲ ಆ ಕೋಶವನ್ನು ತೆರೆದಾಗ ಅರ್ಥವನ್ನಷ್ಟೇ ಬರೆದುಕೊಂಡು ಮುಚ್ಚದೆ, ಅರ್ಥದ ಕೆಳಗೆ ಕೊಟ್ಟಿರುವ ಆಧಾರವನ್ನೂ, ಬಂಧುಭಾಷೆಗಳ ರೂಪಗಳನ್ನೂ ಒಮ್ಮೆ ಓದುವುದು ಒಳ್ಳೆಯದು. ಒಬ್ಬ ನಂಬಿಕೆಯ ಮನುಷ್ಯ ತನ್ನ ನಂಬಿಕೆಗಿಂತ ಬೇರೆಯಾದ ಜನರ ಮಾತನ್ನು ಎಷ್ಟು ನಿಷ್ಠೆಯಿಂದ ಕೇಳಿಸಿಕೊಂಡನೆಂಬುದಕ್ಕೆ ಅಲ್ಲಿ ಪುಟಪುಟಕ್ಕೂ ಸಾಕ್ಷಿಯಿದೆ.